ಎಂಬತ್ತನೆಯ ಪುಟದ ಕೆಂಪು ದಾರ

ನಾನು ಓದಿದ ಮೊದಲ ಕಾದಂಬರಿಗೆ ಹೆಸರಿರಲಿಲ್ಲ, ಮೊದಲಿನ ಪುಟಗಳಿರಲಿಲ್ಲ, ಎಣ್ಣೆ ಮಾತ್ರ ಸಾಕಷ್ಟಿತ್ತು. ಲಕ್ಷ್ಮೇಶ್ವರದ ಬಜಾರಿನಲ್ಲಿ ಮಿರ್ಚಿ ಭಜಿ ಕರಿಯುವವನೊಬ್ಬ ಯಾವುದೋ ದಪ್ಪ ಪುಸ್ತಕವನ್ನು ರದ್ದಿಯಿಂದ ತಂದು, ದಿನಕ್ಕಿಷ್ಟು ಹಾಳೆ ಹರಿದು ಭಜಿ ಕಟ್ಟಿಕೊಡುತ್ತಿದ್ದ. ನನ್ನ ಪಾಲಿಗೆ ಬಂದ ಹಾಳೆಯಲ್ಲಿ ಒಬ್ಬ ಹೆಣ್ಣುಮಗಳು ಬಾವಿಯ ಕಟ್ಟೆಯ ಮೇಲೆ ನಿಂತಿದ್ದಳು. ಹಾಳೆ ಅಲ್ಲಿಗೆ ಮುಗಿದಿತ್ತು. ಆಕೆ ಹಾರಿದಳೋ, ನೀರು ಸೇದಿಕೊಂಡು ಮನೆಗೆ ಹೋದಳೋ ತಿಳಿಯಬೇಕೆಂದು ನಾನು ಮೂರು ದಿನ ಬಿಡದೆ ಮಿರ್ಚಿ ತಿಂದೆ. ಸಿಕ್ಕಿದ್ದು ಒಮ್ಮೆ ಯಾರದೋ ಮದುವೆ, ಒಮ್ಮೆ ಯಾರದೋ ಕೋರ್ಟು ಕಟ್ಲೆ, ಮೂರನೆಯ ದಿನ ಬೀಜಗಣಿತ. ನಾಲ್ಕನೆಯ ದಿನ ಹೊಟ್ಟೆ ಕೈಕೊಟ್ಟಿತು. ಅವ್ವ ಮಜ್ಜಿಗೆಗೆ ಇಂಗು ಕದಡಿ ಕುಡಿಸುತ್ತ, ಓದಿ ತಲೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ, ಓದಿ ಹೊಟ್ಟೆ ಕೆಡಿಸಿಕೊಂಡವನು ಇವನೊಬ್ಬನೇ ಎಂದು ಓಣಿಗೆಲ್ಲ ಹೇಳಿದಳು.

ಅಪ್ಪನಿಗೆ ಮಾತ್ರ ಇದು ದೊಡ್ಡ ಅಭಿಮಾನದ ಸಂಗತಿಯಾಯಿತು. ಆತ ಕನ್ನಡ ಶಾಲೆಯ ಮಾಸ್ತರ. ನಮ್ಮದು ತಲೆತಲಾಂತರದಿಂದ ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ. ಅಜ್ಜನ ಕೈಯಲ್ಲಿ ಗಂಟೆಯಿತ್ತು, ಅಪ್ಪನ ಕೈಗೆ ಬರುವಷ್ಟರಲ್ಲಿ ಅದು ಬೋರ್ಡಿನ ಮೇಲೆ ಬರೆಯುವ ಖಡು ಆಗಿತ್ತು. ಅಜ್ಜನ ದೇವರು ಗುಡಿಯಲ್ಲಿದ್ದ, ಅಪ್ಪನ ದೇವರು ಪುಸ್ತಕದಲ್ಲಿದ್ದ, ಆ ದೇವರಿಗೆ ಬಿಟ್ಟ ಹರಕೆಯ ಕುರಿ ನಾನು. ಮನೆಗೆ ಯಾರೇ ಬಂದರೂ ಅವಲಕ್ಕಿ ಬರುವ ಮೊದಲು ನಾನು ಬಂದು, ಈ ತಿಂಗಳು ಏನೇನು ಓದಿದೆ ಎಂದು ಹೇಳಬೇಕಿತ್ತು. ಬಂದವರು ಅವಲಕ್ಕಿಯ ದಾರಿ ನೋಡುತ್ತ ತಲೆದೂಗುತ್ತಿದ್ದರು.

ಪ್ರತಿ ರವಿವಾರ ಮುಂಜಾನೆ ಇನ್ನೊಂದು ಪರೀಕ್ಷೆ. ಓದಿ ಮುಗಿಸಿದ ಪುಸ್ತಕದ ಕಥೆಯನ್ನು ಅಪ್ಪನ ಮುಂದೆ ಕುಳಿತು ಹೇಳಬೇಕು. ಆತ ಕಣ್ಣು ಮುಚ್ಚಿ ಕೇಳುತ್ತಿದ್ದ, ನಡುವೆ ಬಾಯಿ ಹಾಕುತ್ತಿರಲಿಲ್ಲ. ಕೊನೆಗೆ ಒಂದೇ ಒಂದು ಪ್ರಶ್ನೆ. ಅದೂ ಎಂಥದ್ದು? ಡಾಕ್ಟರನ ಟಾಂಗಾದ ಕುದುರೆಯ ಬಣ್ಣ ಯಾವುದು, ಅತ್ತೆ ಬೀಗದ ಕೈ ಎಲ್ಲಿ ಇಟ್ಟಿದ್ದಳು, ಇಂಥವು. ಹಾಳೆ ಹಾರಿಸಿ ಓದಿದವನು ಸಿಕ್ಕಿಬೀಳಲೇಬೇಕು. ನಾನು ಸಿಕ್ಕಿಬೀಳಲಿಲ್ಲ. ಓದುವಾಗಲೇ ಅಪ್ಪ ಏನು ಕೇಳಬಹುದು ಎಂದು ಕುದುರೆಗಳ ಬಣ್ಣ, ಬೀಗದ ಕೈಗಳ ಜಾಗ ಗುರುತಿಟ್ಟುಕೊಳ್ಳುತ್ತಿದ್ದೆ. ಕಥೆಯಲ್ಲಿ ಯಾರು ಯಾಕೆ ಅಳುತ್ತಿದ್ದಾರೆ ಎಂಬುದು ಅಷ್ಟಕ್ಕಷ್ಟೇ.

ಎಪ್ಪತ್ತರ ದಶಕದ ಕೊನೆಗೆ ಕಾಲೇಜಿಗೆಂದು ಗದಗಕ್ಕೆ ಬಂದೆ. ಬೆಟಗೇರಿಯಲ್ಲಿ ನೇಕಾರರ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಗೋಡೆಯಾಚೆ ಮಗ್ಗದ ಸದ್ದು, ಗೋಡೆಯೀಚೆ ನಾನು. ಓಣಿಯ ತುದಿಗೆ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಿತ್ತು. ಅಲ್ಲಿಯ ಗಿರಾಕಿಗಳಿಗೆ ಒಂದು ಪದ್ಧತಿ. ಓದಿದ್ದನ್ನೇ ಮರೆತು ಇನ್ನೊಮ್ಮೆ ಒಯ್ಯಬಾರದೆಂದು ಪ್ರತಿಯೊಬ್ಬರೂ ಪುಸ್ತಕದೊಳಗೆ ತಮ್ಮದೇ ಒಂದು ಗುರುತು ಮಾಡುತ್ತಿದ್ದರು. ಒಬ್ಬರು ಇಪ್ಪತ್ತೇಳನೆಯ ಪುಟದ ಸಂಖ್ಯೆಗೆ ಸುತ್ತು ಹಾಕುವರು, ಒಬ್ಬರು ಅಂಚಿನಲ್ಲಿ ಓಂ ಬರೆಯುವರು, ಯಾರೋ ತಾಯಿ ಒಂದಿಷ್ಟು ಕುಂಕುಮ ಒತ್ತಿರುತ್ತಿದ್ದಳು. ನನ್ನ ಗುರುತು ಐವತ್ತನೆಯ ಪುಟದ ಕೆಳಗೆ ಹಸಿರು ಶಾಯಿಯ ಒಂದು ಚುಕ್ಕೆ. ಮೂರು ವರ್ಷದಲ್ಲಿ ಆ ಅಂಗಡಿಯಲ್ಲಿ ನನ್ನ ಚುಕ್ಕೆ ಇಲ್ಲದ ಪುಸ್ತಕ ಹುಡುಕುವುದೇ ಕಷ್ಟವಾಯಿತು. ನನಗಾದ ಸೊಕ್ಕು ಅಷ್ಟಿಷ್ಟಲ್ಲ.

ಡಿಗ್ರಿ ಮುಗಿದ ಮೇಲೆ ಮುಂಡರಗಿಯ ಒಂದು ಲೈಬ್ರರಿಯಲ್ಲಿ ನೌಕರಿ ಸಿಕ್ಕಿತು. ಬೆಕ್ಕನ್ನು ಹಾಲಿನ ಕಾವಲಿಗೆ ಇಟ್ಟಂತಾಯಿತು ಎಂದು ಗೆಳೆಯರು ನಕ್ಕರು. ಅಪ್ಪ ನಗಲಿಲ್ಲ. ಬಸ್ ಸ್ಟ್ಯಾಂಡಿಗೆ ಬಂದು ನನ್ನ ಟ್ರಂಕು ಮೇಲೆ ಹಾಕಿಸಿ, ಇನ್ನು ರವಿವಾರದ ಕಥೆಯನ್ನು ಕಾರ್ಡಿನಲ್ಲಿ ಬರೆ ಎಂದು ಹೇಳಿ, ಬಸ್ಸು ಮರೆಯಾಗುವವರೆಗೆ ನಿಂತಿದ್ದ.

ಆದರೆ ಹಾಲಿನ ಕಾವಲಿಗೆ ಕುಳಿತ ಬೆಕ್ಕಿಗೆ ಹಾಲೇ ಬೇಡವಾದರೆ ಏನು ಮಾಡಬೇಕೆಂದು ಯಾವ ಗಾದೆಯೂ ಹೇಳುವುದಿಲ್ಲ. ಮೊದಲ ಆರು ತಿಂಗಳು ಓದಿದೆ. ಒಂದು ದಿನ ಒಂದು ಕಾದಂಬರಿಯನ್ನು ನಲವತ್ತನೆಯ ಪುಟಕ್ಕೆ ಬೋರಲು ಹಾಕಿ, ಯಾರಿಗೋ ದಿನಪತ್ರಿಕೆ ಹುಡುಕಿ ಕೊಡಲು ಎದ್ದೆ. ನಾಲ್ಕು ದಿನ ಬಿಟ್ಟು ನೋಡಿದರೆ ಪುಸ್ತಕ ಹಾಗೇ ಬಿದ್ದಿದೆ, ಬೆನ್ನಿನ ಮೇಲೆ ಧೂಳು. ಎತ್ತಿ ಕಪಾಟಿನಲ್ಲಿಟ್ಟೆ. ಆ ಕಥೆ ಏನಾಯಿತೋ ಎಂಬ ಕುತೂಹಲ ಕಾಸಿನಷ್ಟೂ ಇರಲಿಲ್ಲ. ಮಿರ್ಚಿ ಹಾಳೆಗಾಗಿ ಹೊಟ್ಟೆ ಕೆಡಿಸಿಕೊಂಡವನು ನಾನೇ ಏನು ಎಂದು ಗಾಬರಿಯಾಯಿತು. ಕಾರಣ ಹುಡುಕಿದೆ, ಸಿಗಲಿಲ್ಲ. ಪ್ರೇಮಭಂಗವಾಗಿರಲಿಲ್ಲ, ಕಾಯಿಲೆಯಿರಲಿಲ್ಲ. ಪುಸ್ತಕ ತೆರೆದರೆ ಅಕ್ಷರ ಕಾಣುತ್ತಿತ್ತು, ಅಷ್ಟೇ. ಡಾಂಬರು ಗುಳಿಗೆಯ ವಾಸನೆಯಲ್ಲಿ ಕುಳಿತು ದಿನವಿಡೀ ಪುಸ್ತಕದ ಧೂಳು ಜಾಡಿಸುವವನಿಗೆ ಅದು ಇನ್ನೊಂದು ಸಾಮಾನಾಗಿ ಹೋಗಿತ್ತು.

ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಊರಿನ ಪಾಲಿಗೆ ನಾನು ಲೈಬ್ರರಿ ಸರ, ಪುಸ್ತಕದ ಹುಳ. ಬಂದವರೆಲ್ಲ ನನ್ನನ್ನೇ ಕೇಳುವರು, ಕೇಳುವ ಮಾತೂ ಒಂದೇ: "ಸರ, ಓದಿಸಿಕೊಂಡು ಹೋಗೂದು ಒಂದು ಕೊಡ್ರಿ." ಕನ್ನಡದಲ್ಲಿ ಪುಸ್ತಕದ ಬಗ್ಗೆ ಇದಕ್ಕಿಂತ ಸುಲಭದ ಮಾತಿಲ್ಲ. ಓದದವರೂ ಧೈರ್ಯವಾಗಿ ಹೇಳಬಹುದು. ನಾನು ಕೈಗೆ ಸಿಕ್ಕದ್ದನ್ನು ಕೊಟ್ಟು, ಒಯ್ಯಿರಿ, ಓದಿಸಿಕೊಂಡು ಹೋಗುತ್ತದೆ ಎನ್ನುತ್ತಿದ್ದೆ. ನನ್ನ ಓದು ನನ್ನನ್ನು ಬಿಟ್ಟು ಎಂದೋ ಹೋಗಿತ್ತು.

ಕೈಗೆ ಸಿಕ್ಕದ್ದನ್ನು ಕೊಡುವುದು ಬಹಳ ದಿನ ನಡೆಯುವುದಿಲ್ಲ. ಎರಡು ಸಲ ಒಂದೇ ಪುಸ್ತಕವನ್ನು ಒಬ್ಬರಿಗೇ ಹೊಗಳಿ ಕೊಟ್ಟು ಇಂಗು ತಿಂದ ಮಂಗನಂತಾದೆ. ಆಗ ನನ್ನನ್ನು ಕಾಪಾಡಿದ್ದು ಬಸ್ ಸ್ಟ್ಯಾಂಡಿನ ಎದುರಿನ ಟೇಲರ್ ಚಾಚಾ.

ಚಾಚಾ ವಾರಕ್ಕೊಮ್ಮೆ ಬಂದು, ನನ್ನನ್ನು ಏನೂ ಕೇಳದೆ, ತಾನೇ ಹುಡುಕಿ ಎರಡು ಕಾದಂಬರಿ ಒಯ್ಯುತ್ತಿದ್ದ. ಅರವತ್ತರ ಆಚೆಯ ಮನುಷ್ಯ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಕೊರಳಲ್ಲಿ ಟೇಪು. ಆತ ತಂದುಕೊಟ್ಟ ಪುಸ್ತಕಗಳಲ್ಲಿ ಒಂದು ಚೋದ್ಯ ಕಂಡೆ. ಯಾವುದೋ ಒಂದು ಪುಟದ ಅಂಚಿನಲ್ಲಿ ಸೂಜಿಯಿಂದ ಹಾಕಿದ ಒಂದೇ ಒಂದು ಹೊಲಿಗೆ. ಹೆಚ್ಚಿನವುಗಳಲ್ಲಿ ಕೊನೆಯ ಪುಟಕ್ಕೆ ಕರಿ ದಾರ. ಕೆಲವುಗಳಲ್ಲಿ ಮಾತ್ರ ನಡುವೆ ಎಲ್ಲಿಯೋ ಕೆಂಪು ದಾರ. ಬೆಟಗೇರಿಯ ಅಂಗಡಿಯಲ್ಲಿ ಗುರುತಿನ ವಿದ್ಯೆ ಕಲಿತು ಬಂದ ನನಗೆ ಇದರ ಅರ್ಥ ಬಿಡಿಸಲು ಎಷ್ಟು ಹೊತ್ತು ಬೇಕು? ಕರಿ ದಾರದ್ದು ಸಾಧಾರಣ ಪುಸ್ತಕ, ಕೆಂಪು ದಾರದ್ದು ಉತ್ತಮ. ಕೆಂಪು ಇರುವ ಪುಟದಿಂದ ಕಥೆ ಹಿಡಿತಕ್ಕೆ ಬರುತ್ತದೆ. ಚಾಚಾನನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಕೇಳಿದರೆ ನಾನು ಓದಿಲ್ಲವೆಂದು ಆತನಿಗೆ ತಿಳಿಯುತ್ತಿತ್ತು.

ಅಲ್ಲಿಂದ ನನ್ನ ನಸೀಬು ತೆರೆಯಿತು. ಕೆಂಪು ದಾರದ ಪುಸ್ತಕಗಳನ್ನೆಲ್ಲ ಬೇರೆ ಒಂದು ಸಾಲಿನಲ್ಲಿಟ್ಟೆ. ಕೇಳಿದವರಿಗೆ ಅದರಿಂದ ಒಂದು ತೆಗೆದು, ದಾರ ಕಂಡ ಪುಟ ನೋಡಿಕೊಂಡು, ಅರವತ್ತನಾಲ್ಕನೆಯ ಪುಟದ ತನಕ ತಡೆದುಕೊಳ್ಳಿರಿ, ಮುಂದೆ ನೋಡಿರಿ ಮಜಾ ಎನ್ನುತ್ತಿದ್ದೆ. ಇಷ್ಟು ಖಚಿತವಾಗಿ ಪುಟದ ಸಂಖ್ಯೆ ಹೇಳುವವನನ್ನು ಯಾರು ಅನುಮಾನಿಸುತ್ತಾರೆ? ಒಯ್ದವರು ತಿರುಗಿ ಬಂದು ಗಂಭೀರವಾಗಿ ತಲೆ ಆಡಿಸುತ್ತಿದ್ದರು. ಹೈಸ್ಕೂಲಿನ ಅಕ್ಕೋರು ಒಬ್ಬರು ಒಂದು ಕಾದಂಬರಿ ಮೇಜಿನ ಮೇಲಿಟ್ಟು, ಇದು ಹೊಸ ನಮೂನೆಯ ಬರವಣಿಗೆ, ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ, ಓದುವವರೇ ತುಂಬಿಕೊಳ್ಳಬೇಕು ಎಂದರು. ಕಚೇರಿಯ ಗುಮಾಸ್ತನೊಬ್ಬ ತನಗೆ ಪೂರ್ತಿ ತಿಳಿಯಲಿಲ್ಲ, ಆದರೆ ದೊಡ್ಡ ಸಾಹಿತ್ಯವೇ ಇರಬೇಕು ಎಂದ. ಪಕ್ಕದ ಹಳ್ಳಿ ಡೋಣಿಯಿಂದ ಬಸ್ಸಿಗೆ ಬರುವವರು ಕೂಡ ನನ್ನ ಆ ಸಾಲಿನ ಪುಸ್ತಕವನ್ನೇ ಕೇಳತೊಡಗಿದರು. ಒಂದು ಶಾಲೆಯವರು ಓದುವ ಹವ್ಯಾಸದ ಮೇಲೆ ಭಾಷಣಕ್ಕೆ ಕರೆದರು. ಮುಕ್ಕಾಲು ತಾಸು ಮಾತಾಡಿದೆ. ಶಾಲು ಹೊದಿಸಿ, ಕಾಯಿ ಕೊಟ್ಟು, ಮೇಲೊಂದು ಪುಸ್ತಕ ಕೊಟ್ಟರು. ಕಾಯಿ ಒಡೆದು ಚಟ್ನಿ ಮಾಡಿದೆ, ಪುಸ್ತಕ ಒಡೆಯಲಿಲ್ಲ.

ಅಪ್ಪನಿಗೂ ಪ್ರತಿ ವಾರ ಕಾರ್ಡು ಹೋಗುತ್ತಿತ್ತು. ರಕ್ಷಾಪುಟದ ಹಿಂದೆ ಅಚ್ಚು ಹಾಕಿದ ನಾಲ್ಕು ಸಾಲನ್ನು ನನ್ನ ಮಾತಿನಲ್ಲಿ ಬರೆದರೆ ಕಾರ್ಡು ತುಂಬುತ್ತಿತ್ತು. ಕಾರ್ಡಿನ ಲಾಭವೆಂದರೆ ಅದಕ್ಕೆ ಎದುರು ಪ್ರಶ್ನೆ ಕೇಳಲು ಇನ್ನೊಂದು ಕಾರ್ಡು ಬೇಕು, ಅಷ್ಟರಲ್ಲಿ ನಾನು ಬೇರೆ ಪುಸ್ತಕಕ್ಕೆ ಹೋಗಿರುತ್ತಿದ್ದೆ.

ಹೀಗೆ ಐದು ವರ್ಷ ಕಳೆಯಿತು. ಅಪ್ಪ ನಿವೃತ್ತನಾದ. ಆಮೇಲೆ ಆತನ ಕಣ್ಣು ಮಂಜಾಗತೊಡಗಿತು. ಗದಗಿನ ಡಾಕ್ಟರರು ನೋಡಿ, ಇದು ಪೊರೆಯಲ್ಲ, ನರದ ದೋಷ, ಆಪರೇಶನ್ನಿನಿಂದ ಆಗುವಂಥದ್ದಲ್ಲ ಎಂದರು. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ನಿಧಾನಕ್ಕೆ ಹೋಗುವುದಿತ್ತು. ಡಾಕ್ಟರರ ಮನೆಯ ಮೆಟ್ಟಿಲು ಇಳಿಯುವಾಗ ಅಪ್ಪ ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದ:

"ಉಳದ ಕಣ್ಣಾಗ ಒಂದು ಪುಸ್ತಕ ಆಕ್ಕೈತಿ. ಭಾಳಂದ್ರ ಎರಡು. ನೀ ಇಷ್ಟೆಲ್ಲಾ ಓದೀದಿ, ಚಲೋದೊಂದು ಆರಿಸಿ ಕಳಸು."

ಆಗಲಾದರೂ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಮುಂಡರಗಿಗೆ ಬಂದು ಆ ಸಾಲಿನ ಮುಂದೆ ಬಹಳ ಹೊತ್ತು ನಿಂತೆ. ಒಂದನ್ನು ಓದಿ ನೋಡಿ ಕಳಿಸೋಣ ಎಂದು ಕುಳಿತವನು ಆರನೆಯ ಪುಟಕ್ಕೆ ಆಕಳಿಸಿದೆ. ಕೊನೆಗೆ ಕೆಂಪು ದಾರ ಎಲ್ಲಕ್ಕಿಂತ ಗಟ್ಟಿಯಾಗಿ, ಎರಡು ಸುತ್ತು ಹಾಕಿದ್ದ ಒಂದು ದಪ್ಪ ಕಾದಂಬರಿ ತೆಗೆದೆ. ದಾರ ಎಂಬತ್ತನೆಯ ಪುಟದಲ್ಲಿತ್ತು. ಲಕ್ಷ್ಮೇಶ್ವರಕ್ಕೆ ಹೊರಟವರ ಕೈಯಲ್ಲಿ ಪುಸ್ತಕ ಕಳಿಸಿ ಕಾರ್ಡು ಬರೆದೆ: ಎಂಬತ್ತನೆಯ ಪುಟದಿಂದ ಕಥೆ ಬೇರೆಯೇ ದಾರಿ ಹಿಡಿಯುತ್ತದೆ, ಓದಿಸಿಕೊಂಡು ಹೋಗುತ್ತದೆ.

ಅಪ್ಪ ಓದಲು ಕುಳಿತ. ಮುಂಜಾನೆಯ ಬಿಸಿಲು ಕಟ್ಟೆಗೆ ಬಂದಾಗ ಭೂತಗನ್ನಡಿ ಹಿಡಿದು ದಿನಕ್ಕೆ ಒಂದು ಪುಟ, ಕಣ್ಣು ಒಪ್ಪಿದ ದಿನ ಎರಡು. ಬಿಸಿಲು ಸರಿದರೆ ನಿಲ್ಲಿಸುವುದು. ಮೋಡವಿದ್ದ ದಿನ ರಜೆ. ಅವ್ವ ಇದನ್ನೆಲ್ಲ ಬೇರೆಯವರ ಕೈಯಿಂದ ಬರೆಸಿ ತಿಳಿಸುತ್ತಿದ್ದಳು. ಜೋಳ ಸೋಸುವುದು ಬಿಟ್ಟು ಆತನಿಗೆ ನೆರಳು ಬೀಳದಂತೆ ಸರಿದು ಕೂರುವುದೇ ತನ್ನ ಕೆಲಸವಾಗಿದೆ ಎಂದು ಬೈದಿದ್ದಳು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಪ್ಪ ಲೈಬ್ರರಿಯ ಬಾಗಿಲಲ್ಲಿ ನಿಂತಿದ್ದ. ಶಿರಹಟ್ಟಿಯಲ್ಲಿ ಬಸ್ಸು ಬದಲಿಸಿ, ಬೋರ್ಡು ಕಾಣದೆ ಇಬ್ಬರನ್ನು ಕೇಳಿ, ಒಬ್ಬನೇ ಬಂದಿದ್ದ. ಕೈಯಲ್ಲಿ ಕೊಡೆ, ಬಗಲಲ್ಲಿ ಆ ಪುಸ್ತಕ. ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಪುಸ್ತಕ ತೆರೆದು, ಬೆರಳಿನಿಂದ ತಡವಿ ಕೆಂಪು ದಾರ ಹುಡುಕಿದ.

"ಎಂಬತ್ತಕ್ಕ ನಿಂತೇನಿ. ಇದರ ಮುಂದಿನ ಹಾಳಿ ತೊಂಬತ್ತೇಳು. ನಡಕಿನ ಹದಿನಾರು ಪುಟ ಇಲ್ಲೇ ಇಲ್ಲ. ನೀ ಓದಿದ ಮ್ಯಾಲೆ ಯಾರೋ ಪುಣ್ಯಾತ್ಮ ಹರಕೊಂಡಿರಬೇಕು. ಅಲ್ಲೇನಾತು ಅಷ್ಟ ಹೇಳು, ಮುಂದಿಂದು ನಾ ಓದಕೋತೀನಿ."

ಅದು ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ. ಆತನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಬಾವಿಕಟ್ಟೆಯ ಹೆಣ್ಣುಮಗಳಿಗಾಗಿ ಮಿರ್ಚಿ ತಿಂದ ನನಗೆ ಆ ಮುಖ ಗುರುತು ಸಿಗಬೇಕಿತ್ತು. ಸಿಗಲಿಲ್ಲ. ನಾನು ಜಾಣತನಕ್ಕೆ ಇಳಿದೆ. ರಕ್ಷಾಪುಟದ ಪ್ರಕಾರ ಅದೊಂದು ತುಂಬಿದ ಮನೆ, ಒಬ್ಬ ಸೊಸೆ, ಒಬ್ಬ ಕೆಟ್ಟ ಅತ್ತೆ. ಇಷ್ಟು ಸಾಮಾನಿದ್ದರೆ ಅಡುಗೆ ಮಾಡಲು ಏನು ಕಷ್ಟ? ಸೊಸೆ ಸಿಟ್ಟಿನಿಂದ ತವರಿಗೆ ಹೋದಳು ಎಂದೆ. ಅಲ್ಲಿ ಹೊಲಿಗೆ ಕಲಿತಳು, ಮಿಶನ್ನು ಇಟ್ಟಳು, ನಾಲ್ಕು ಮಂದಿಗೆ ಕೆಲಸ ಕೊಟ್ಟಳು. ಗಂಡ ಬಂದು ಕಾಲು ಹಿಡಿದ. ಅತ್ತೆಗೆ ಲಕ್ವಾ ಹೊಡೆಯಿತು. ಸೊಸೆ ಮೂರು ಕರಾರು ಹಾಕಿ ತಿರುಗಿ ಬಂದಳು. ಹೇಳುತ್ತ ಹೇಳುತ್ತ ನನಗೇ ಹುರುಪು ಬಂದು ಅತ್ತೆಯ ದನಿಯಲ್ಲಿ ಮಾತೂ ಆಡಿಸಿದೆ. ಅಪ್ಪ ಹಿಂದಿನಂತೆಯೇ ಕಣ್ಣು ಮುಚ್ಚಿ ಕೇಳಿದ, ನಡುವೆ ಬಾಯಿ ಹಾಕಲಿಲ್ಲ.

"ಕಥಿ ಚಲೋ ಐತಿ," ಎಂದ. "ಆದ್ರ ಆಕಿ ಎಂಬತ್ತನೇ ಪುಟದಾಗ ಸತ್ತಾಳ. ಕಡೀ ಸಾಲಿನಾಗ. ನನ್ನ ಕಣ್ಣು ತಪ್ಪು ಓದೇತೇನೋ ಅಂತ ಮೂರು ದಿನ ಅದ ಪುಟಾ ಓದೇನಿ."

ಮೇಜಿನ ಆಚೆ ಯಾರೋ ಪೇಪರು ಮಗುಚಿದ ಸದ್ದಾಯಿತು.

"ಎಷ್ಟು ವರ್ಷ ಆತು?" ಎಂದು ಅಪ್ಪ ಕೇಳಿದ.

"ಏನು?"

"ಓದೂದು ಬಿಟ್ಟು."

"ಐದು," ಎಂದೆ.

ಅಪ್ಪ ಕೊಡೆ ಎತ್ತಿಕೊಂಡು ಎದ್ದ. ಚಹಾ ಬೇಡವೆಂದ, ಊಟ ಬೇಡವೆಂದ. ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟ. ನಾನು ಹತ್ತು ಹೆಜ್ಜೆ ಹಿಂದೆ ನಡೆದೆ. ಗಟಾರದ ಕಲ್ಲು ಕಾಣದೆ ಮುಗ್ಗರಿಸಿದಾಗ ಓಡಿಹೋಗಿ ಮೊಳಕೈ ಹಿಡಿದೆ. ಆತ ಕೊಡವಿಕೊಳ್ಳಲಿಲ್ಲ. ಬಸ್ಸಿನಲ್ಲಿ ಕೂಡಿಸಿದೆ. ಬಸ್ಸು ಹೋದ ಮೇಲೆ ನನಗಾದ ನಾಚಿಕೆಯನ್ನು ಈಗಲೂ ಯಾರಿಗೂ ವಿವರಿಸಲಾರೆ. ಆತನ ಕಣ್ಣಿನ ಎರಡು ತಿಂಗಳನ್ನು ನಾನು ಕದ್ದಿದ್ದೆ.

ನಾಚಿಕೆಯ ಮಗ್ಗುಲಿಗೇ ಸಿಟ್ಟೂ ಇತ್ತು, ಅದಕ್ಕೊಬ್ಬ ಅಪರಾಧಿ ಬೇಕಿತ್ತು. ಲೈಬ್ರರಿಯಿಂದ ಆ ಪುಸ್ತಕ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಎದುರಿನ ಟೇಲರ್ ಅಂಗಡಿಗೆ ತಿರುಗಿ ಬಂದು, ಇಂಥ ಪುಸ್ತಕಕ್ಕೆ ಕೆಂಪು ದಾರ ಯಾಕೆ ಹಾಕಿದಿರಿ ಎಂದು ಚಾಚಾನ ಮೇಲೆ ಹರಿಹಾಯ್ದೆ. ಆತ ಮಿಶನ್ನು ನಿಲ್ಲಿಸಿ, ಕನ್ನಡಕ ಏರಿಸಿ ನೋಡಿದ.

"ಮತ್ತ ಕೆಂಪು ಹಾಕಲಾರದ ಏನ್ ಹಾಕಬೇಕ್ರಿ? ಅಂಗಿ ಎಲ್ಲಿ ತಪ್ಪೈತಿ ಅಲ್ಲಿ ನಾವು ಕೆಂಪು ದಾರದ ಟಾಕಿ ಹಾಕತೀವಿ, ದುರಸ್ತಿ ಮಾಡವಗ ಗೊತ್ತಾಗಲಿ ಅಂತ. ಹಾಳಿ ಇಲ್ಲದಲ್ಲಿ ಟಾಕಿ ಹಾಕಿದ್ರ ನೀವು ನೋಡಿ ಬೈಂಡಿಂಗಿಗೆ ಕಳಸತೀರಿ ಅಂತ ತಿಳದಿದ್ದೆ. ಕರಿ ಹಾಕಿದ್ದು ಪೂರಾ ಅದಾವು."

ಬಾಯಿಬಿಟ್ಟು ಹೇಳಬಾರದಿತ್ತೇ ಎಂದೆ. ಓದಿದವರಿಗೆ ಹೇಳುವುದೇನು, ಓದಿದರೆ ಗೊತ್ತೇ ಆಗುತ್ತಿತ್ತಲ್ಲ ಎಂದು ಆತ ಮತ್ತೆ ಪೆಡಲು ತುಳಿದ. ಆತನ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಮರುದಿನ ಬಾಗಿಲು ಮುಂದೆ ಮಾಡಿ ಆ ಸಾಲಿನ ಪುಸ್ತಕಗಳನ್ನೆಲ್ಲ ತೆಗೆದು ನೋಡಿದೆ. ಒಂದರಲ್ಲಿ ಹದಿನಾರು ಪುಟ ಇಲ್ಲ, ಒಂದರಲ್ಲಿ ಅವೇ ಹದಿನಾರು ಪುಟ ಎರಡು ಸಲ, ಒಂದರಲ್ಲಿ ನಡುವೆ ಬೇರೆ ಯಾವುದೋ ಪುಸ್ತಕದ ಹಾಳೆ ಸೇರಿಕೊಂಡು ನಾಯಕ ಊಟಕ್ಕೆ ಕುಳಿತಲ್ಲೇ ಶೇಂಗಾ ಬೆಳೆಗೆ ಗೊಬ್ಬರ ಹಾಕುವ ಕ್ರಮ ಆರಂಭವಾಗಿತ್ತು. ಅಕ್ಕೋರು ಹೊಸ ನಮೂನೆಯ ಬರವಣಿಗೆ ಎಂದು ಮೆಚ್ಚಿದ್ದು ಇದನ್ನೇ. ಐದು ವರ್ಷ ಮುಂಡರಗಿಯ ಜನ ಹರಿದ ಪುಸ್ತಕ ಓದಿದ್ದರು, ಹರಿದಿದೆ ಎಂದು ಒಬ್ಬರೂ ಹೇಳಲಿಲ್ಲ. ಹೇಳಿದರೆ ತಮಗೆ ಸಾಹಿತ್ಯ ತಿಳಿಯುವುದಿಲ್ಲ ಎಂದು ಲೈಬ್ರರಿ ಸರ ತಿಳಿದಾನು ಎಂಬ ಹೆದರಿಕೆ. ನಾನೂ ಅವರೂ ಸೇರಿ ಒಬ್ಬರಿಗೊಬ್ಬರು ಮರ್ಯಾದೆ ಕಾಪಾಡಿಕೊಂಡು ಬಂದಿದ್ದೆವು. ಚಾಚಾ ಒಬ್ಬನೇ ಓದುತ್ತಿದ್ದ.

ಹದಿನೈದು ದಿನದ ಮೇಲೆ ಅಪ್ಪನ ಕಾರ್ಡು ಬಂತು. ಅಕ್ಷರಗಳು ಹುಣಸೆಬೀಜದಷ್ಟು ದಪ್ಪ, ಸಾಲು ಒಂದರ ಮೇಲೊಂದು ಏರಿದ್ದವು. "ಓದಿಸಿಕೊಂಡು ಹೋಗುವುದು ಇನ್ನು ಬೇಡ. ಆ ಹದಿನಾರು ಪುಟ ಹುಡುಕಿ ತಾ. ನೀ ಓದು, ನಾ ಕೇಳತೇನೆ."

ಲೈಬ್ರರಿಗೆ ಸೋಮವಾರ ಸೂಟಿ. ಅಂದು ಬೆಳಗಿನ ಬಸ್ಸಿಗೆ ಬೆಟಗೇರಿಗೆ ಹೋದೆ. ಆ ಓಣಿಯಲ್ಲಿ ಮಗ್ಗದ ಸದ್ದು ಹಾಗೇ ಇತ್ತು, ತುದಿಯ ಅಂಗಡಿಯೂ ಇತ್ತು. ಮಾಲೀಕ ಒಳಗೆ ಹೋಗಿ ಹುಡುಕಿ, ಅದೇ ಕಾದಂಬರಿಯ ಇನ್ನೊಂದು ಪ್ರತಿ ತಂದುಕೊಟ್ಟ. ಎಂಬತ್ತೊಂದರಿಂದ ತೊಂಬತ್ತಾರು, ಎಲ್ಲ ಪುಟಗಳೂ ಇದ್ದವು. ಖುಷಿಯಿಂದ ಹಾಳೆ ಹಿಂದಕ್ಕೆ ಮಗುಚುತ್ತ ಬಂದೆ. ಐವತ್ತನೆಯ ಪುಟದ ಕೆಳಗೆ ಹಸಿರು ಶಾಯಿಯ ಒಂದು ಚುಕ್ಕೆ ಇತ್ತು.

ಅಂದರೆ ಅದನ್ನು ನಾನು ಓದಿದ್ದೆ. ಮೊದಲಿನಿಂದ ಕೊನೆಯವರೆಗೆ, ಹದಿನಾರು ಪುಟ ಸಮೇತ. ಆ ಸೊಸೆ ಸತ್ತದ್ದಾಗಲಿ, ಬದುಕಿದ್ದಾಗಲಿ, ಒಂದಕ್ಷರವೂ ನೆನಪಿರಲಿಲ್ಲ. ಅಂಗಡಿಯಲ್ಲಿ ನನ್ನ ಚುಕ್ಕೆ ಬಿದ್ದ ಇನ್ನೂ ನೂರಾರು ಪುಸ್ತಕಗಳಿದ್ದವು. ಅವುಗಳಲ್ಲಿ ಯಾವುದೂ ನೆನಪಿರಲಿಲ್ಲ. ಕೆಲವು ಕುದುರೆಗಳ ಬಣ್ಣ ಮಾತ್ರ ನೆನಪಿತ್ತು, ಅವು ಯಾವ ಪುಸ್ತಕದ ಕುದುರೆಗಳೋ.

ಗದಗಿನಿಂದ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಈ ಚುಕ್ಕೆಯ ವಿಷಯ ಮುಚ್ಚಿಡೋಣವೆಂದು ನೂರು ಸಲ ಯೋಚಿಸಿದೆ. ಮನೆ ಮುಟ್ಟಿ, ಕಟ್ಟೆಯ ಮೇಲೆ ಕುಳಿತ ಅಪ್ಪನಿಗೆ ಹೇಳಿಯೇಬಿಟ್ಟೆ. ಆತ ನಕ್ಕುಬಿಟ್ಟ. ಅವತ್ತಿನ ನಂತರ ಮೊದಲ ಸಲ.

"ಹಂಗಾರ ನೀ ಐದು ವರ್ಷದ ಹಿಂದ ಬಿಟ್ಟಿಲ್ಲ. ಓದೂದು ನೀ ಹಿಡಿದೇ ಇದ್ದಿಲ್ಲ," ಎಂದ. ಆಮೇಲೆ, "ನಂದೂ ತಪ್ಪೈತಿ. ಕುದುರಿ ಬಣ್ಣಾ ಕೇಳಬಾರದಾಗಿತ್ತು," ಎಂದು ಗೋಡೆಗೆ ಒರಗಿದ.

ಎಂಬತ್ತೊಂದನೆಯ ಪುಟ ತೆಗೆದು ಓದತೊಡಗಿದೆ. ಗಟ್ಟಿಯಾಗಿ ಓದುವಾಗ ಹಾಳೆ ಹಾರಿಸಲು ಬರುವುದಿಲ್ಲ, ಆಕಳಿಸಲೂ ಬರುವುದಿಲ್ಲ. ಸತ್ತವಳ ಹೆಣ ಒಳಮನೆಯಲ್ಲಿದ್ದಾಗ ಆ ಕೆಟ್ಟ ಅತ್ತೆ ಸುಮ್ಮನೆ ಅಡುಗೆ ಮನೆಗೆ ಹೋಗಿ ಸೊಸೆಯ ಪಾಲಿನ ರೊಟ್ಟಿ ತಟ್ಟಿಡುತ್ತಾಳೆ. ಅಭ್ಯಾಸ ಬಲ. ಆಮೇಲೆ ಆ ರೊಟ್ಟಿಯನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದು ನಿಲ್ಲುತ್ತಾಳೆ. ನಾನು ಲಕ್ವಾ ಹೊಡೆಸಿದ ಅತ್ತೆ ಇವಳೇ. ಅವ್ವ ಜೋಳ ಸೋಸುವುದು ನಿಲ್ಲಿಸಿದ್ದಳು.

ಓದುತ್ತ ಹೋದೆ. ಯಾವಾಗಲೋ ನನ್ನ ದನಿ ನಿಂತಿತ್ತು, ಅದು ನನ್ನ ಲಕ್ಷ್ಯಕ್ಕೇ ಬರಲಿಲ್ಲ. ಅಪ್ಪ ಕೆಮ್ಮಿದಾಗ ತಲೆಯೆತ್ತಿದೆ. ಬಿಸಿಲು ಬೀದಿಯಾಚೆಯ ಮನೆಗಳ ಮಾಳಿಗೆ ಏರಿತ್ತು.

"ಎಲ್ಲಿಗಿ ಬಂತು?" ಎಂದು ಅಪ್ಪ ಕೇಳಿದ.

"ನೂರಾ ಹನ್ನೆರಡು."

"ನನಗ ಯಾವಾಗ ನಿದ್ದಿ ಹತ್ತಿತು?"

"ಗೊತ್ತಾಗಲಿಲ್ರಿ ಅಪ್ಪಾ," ಎಂದೆ. "ನೀವು ಎಚ್ಚರ ಅದೀರೋ ಇಲ್ಲೋ ನಾ ನೋಡಲೇ ಇಲ್ಲ."

ಆತ ಒಂದು ಕ್ಷಣ ನನ್ನ ದನಿ ಬಂದ ಕಡೆ ಮುಖ ಮಾಡಿ ಕುಳಿತ. ರೊಟ್ಟಿ ಏನಾಯಿತು ಎಂದು ಕೇಳಿದ. ಬಣ್ಣ ಕೇಳಲಿಲ್ಲ, ಜಾಗ ಕೇಳಲಿಲ್ಲ. ಹೇಳಿದೆ. ಖರೆ ಹೇಳುತ್ತೀಯೋ, ಕಟ್ಟಿ ಹೇಳುತ್ತೀಯೋ ಎಂದ. "ಬೇಕಾದ್ರ ತೆಗದು ನೋಡ್ರಿ," ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ನೋಡಾಕ ಆಗಿದ್ರ ನಿನ್ನ ಯಾಕ ಕರೀತಿದ್ದೆ?" ಎಂದ ಅಪ್ಪ. "ರೊಟ್ಟಿ ಇದ್ದಲ್ಲಿಗಿ ಹಿಂದಕ ಹೋಗು."

ಮುಂಡರಗಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತಾಗಿತ್ತು. ನಾನು ಏಳದೆ ಪುಟ ಹಿಂದಕ್ಕೆ ಮಗುಚಿದೆ. ಅತ್ತೆ ರೊಟ್ಟಿ ಹಿಡಿದು ನಿಂತ ಸಾಲು ಬಂತು. ಓದಿದೆ, ಮುಂದೆ ಹೋಗಲು ಮನಸ್ಸಾಗದೆ ಅದನ್ನೇ ಇನ್ನೊಮ್ಮೆ ಓದಿದೆ.

"ಅದನ್ನ ಈಗಷ್ಟ ಓದಿದೆಲ್ಲೋ," ಎಂದ ಅಪ್ಪ.

"ಗೊತ್ತೈತ್ರಿ," ಎಂದೆ.